ತೊಳೆಯೋಕೆ ನಾವು ಬೇಕು, ಓಡ್ಸೋಕೆ ಬ್ಯಾಡ್ವಾ?

ಪೋಸ್ಟು ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ.

ಹೋದ ವರ್ಷ ಅವ್ವನನ್ನು ನಾಗಪುರಕ್ಕೆ ಕರ್ಕೊಂಡು ಹೋಗಿದ್ದೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ದೀಕ್ಷೆ ತಗೊಂಡ ನೆಲವನ್ನು ಸಾಯೋದ್ರೊಳಗೆ ಒಂದ್ಸಲ ಮುಟ್ಟಬೇಕು ಅನ್ನೋದು ಅವಳ ಆಸೆ. ರೈಲಲ್ಲಿ ಅಷ್ಟು ದೂರ ಕೂರೋಕೆ ಮಂಡಿನೋವು ಬಿಡಲ್ಲ. ಸಾಲಸೋಲ ಮಾಡಿ ವಿಮಾನದ ಟಿಕೆಟ್ ಮಾಡಿಸಿದೆ. ರಾಮನಗರದ ರೇಷ್ಮೆ ಫಿಲೇಚರಿನಲ್ಲಿ ಮೂವತ್ತು ವರ್ಷ ಬಿಸಿನೀರಿಗೆ ಕೈಯಿಟ್ಟು ನೂಲು ತೆಗೆದವಳು ಮೊದಲ ಸಲ ವಿಮಾನ ಹತ್ತಿದಳು.

ಏರ್‌ಬಸ್ ಎ320. ನಡುವೆ ಒಂದೇ ಓಣಿ, ಈ ಕಡೆ ಮೂರು ಸೀಟು, ಆ ಕಡೆ ಮೂರು. ಮೂವತ್ತು ಸಾಲು, 180 ಜನ. ಅವ್ವನಿಗೆ ನಡುವಿನ ಸೀಟು ಬಂತು. ಕಿಟಕಿ ಪಕ್ಕ ಯಾರೋ ದೊಡ್ಡ ಮನುಷ್ಯರು, ಲ್ಯಾಪ್‌ಟಾಪ್ ತೆಗೆದು ಕೂತಿದ್ದರು. ಅವ್ವ ಸೆರಗು ಬಿಗಿಯಾಗಿ ಸುತ್ಕೊಂಡು, ಮೊಣಕೈ ಒಳಗೆ ಎಳ್ಕೊಂಡು ಮುದುರಿ ಕೂತಳು. "ಯಾಕವ್ವ, ಚಳಿನಾ?" ಅಂದೆ. ಕಿವಿಯ ಹತ್ರ ಬಂದು, "ಅವರಿಗೆ ತಾಕ್ತದೆ ಕಣಪ್ಪ" ಅಂದಳು.

ಆ ಸೀಟಿನ ಅಗಲ ಹೆಚ್ಚು ಅಂದ್ರೆ 18 ಇಂಚು. ತಾಕದೆ ಕೂರೋಕೆ ಆಗೋದೇ ಇಲ್ಲ. ಅದನ್ನ ಅಳತೆ ಮಾಡಿದ ಎಂಜಿನಿಯರಿಗೆ ನಮ್ಮ ಹಟ್ಟಿ, ನಮ್ಮ ಊರಬಾಗಿಲು ಗೊತ್ತಿಲ್ಲ. ಜಾಸ್ತಿ ಜನರನ್ನ ತುಂಬಬೇಕು ಅನ್ನೋ ಲೆಕ್ಕದಲ್ಲಿ ಅವನು ಸೀಟು ಜೋಡಿಸಿದ. ಆ ವ್ಯಾಪಾರದ ಲೆಕ್ಕ ನಮ್ಮ ಅವ್ವನನ್ನೂ ಆ ದೊಡ್ಡ ಮನುಷ್ಯರನ್ನೂ ಒಂದೇ ಕೈದಿಂಡಿನ ಎರಡು ಬದಿಗೆ ಕೂರಿಸಿತು. ಆಮೇಲೆ ಅವರೇ ಅವ್ವನಿಗೆ ಬೆಲ್ಟ್ ಹಾಕೋದು ತೋರಿಸಿದರು. ಅದನ್ನೂ ಹೇಳಬೇಕು.

ಇಲ್ಲಿ ಇಬ್ಬರು ತಕರಾರು ತೆಗೀತಾರೆ. ಒಬ್ಬರು, "ನೋಡ್ರಿ, ವಿಮಾನದಲ್ಲಿ ಜಾತಿ ಎಲ್ಲೈತೆ? ಎಲ್ಲಾ ಹೋಯ್ತು" ಅಂತಾರೆ. ಇನ್ನೊಬ್ಬರು, "ವಿಮಾನದಲ್ಲೂ ಮೇಲು ಕೀಳು ಐತಲ್ಲ, ಅದಕ್ಕೇನಂತೀರಿ?" ಅಂತಾರೆ.

ಎರಡನೆಯವರಿಗೆ ಮೊದಲು ಉತ್ತರ ಹೇಳ್ತೀನಿ. ಹೌದು, ಐತೆ. ಏರ್ ಇಂಡಿಯಾದ ದೊಡ್ಡ ವಿಮಾನ ಎ350 ತಗೊಳ್ಳಿ. ಒಟ್ಟು 316 ಸೀಟು. ಮುಂದೆ ಬಿಸಿನೆಸ್ ಕ್ಲಾಸ್ 28, ಒಂದು-ಎರಡು-ಒಂದು ಜೋಡಣೆ, ಕಾಲು ಚಾಚಿ ಮಲಗಬಹುದು. ಆಮೇಲೆ ಪ್ರೀಮಿಯಂ ಇಕಾನಮಿ 24. ಉಳಿದ 264 ಜನ ಹಿಂದೆ, ಮೂರು-ಮೂರು-ಮೂರು. 2006ರಿಂದ ಎಲ್ಲರಿಗೂ ಒಂದೇ ದರ್ಜೆ ಅಂತಿದ್ದ ಇಂಡಿಗೋ ಕೂಡ 2024ರ ನವೆಂಬರಿನಲ್ಲಿ ಎ321 ವಿಮಾನಗಳ ಮುಂಭಾಗದಲ್ಲಿ ಎರಡು-ಎರಡರಂತೆ 12 ದೊಡ್ಡ ಸೀಟು ಹಾಕೋಕೆ ಶುರು ಮಾಡಿತು. ಹಿಂದೆ 208.

ಆದರೆ ಒಂದು ವ್ಯತ್ಯಾಸ ಗಮನಿಸಿ. ಯಾರೂ ಹುಟ್ಟುವಾಗಲೇ ಕೊನೇ ಸಾಲಿನಲ್ಲಿ ಹುಟ್ಟಲ್ಲ. ದುಡ್ಡಿದ್ದರೆ ಮುಂದಿನ ಸೀಟು, ಇಲ್ಲದಿದ್ದರೆ ಹಿಂದಿನದು, ಎರಡು ಗಂಟೆ ಆದ್ಮೇಲೆ ಎಲ್ಲರೂ ಇಳಿದು ಅವರವರ ದಾರಿ ಹಿಡೀತಾರೆ. ಊರಿನಲ್ಲಿ ನಮಗೆ ಕೊಟ್ಟ ಸೀಟಿನಿಂದ ದುಡ್ಡು ಕೊಟ್ಟರೂ ಇಳಿಯೋಕೆ ಆಗಲ್ಲ. ದುಡ್ಡಿನ ಅಸಮಾನತೆ ತಪ್ಪೇ, ಆದರೆ ಅದನ್ನ ಜಾತಿಯ ಪಕ್ಕ ತಂದು ನಿಲ್ಲಿಸಿ "ಎರಡೂ ಒಂದೇ" ಅನ್ನೋದು ಮೋಸ.

ಇನ್ನು ಜಾತಿ ಹೋಯ್ತು ಅನ್ನೋರಿಗೆ. ಅವರಿಗೆ ಉತ್ತರ ಕೊಟ್ಟಿದ್ದು ನಾನಲ್ಲ, ಅವ್ವ.

ವಾಪಸ್ ಬೆಂಗಳೂರಲ್ಲಿ ಇಳಿಯುವಾಗ ಮಂಡಿನೋವಿನಿಂದ ನಾವೇ ಕೊನೆ. ಹಿಂಬಾಗಿಲಿನಿಂದ ಕ್ಲೀನಿಂಗ್‌ನವರು ಕಸದ ಚೀಲ ಹಿಡಿದು ಬಂದೇಬಿಟ್ಟರು. ಮುಂದಿನ ಹಾರಾಟಕ್ಕೆ ಅರ್ಧಗಂಟೆಯೂ ಇರಲ್ಲ, ಅಷ್ಟರಲ್ಲಿ 180 ಸೀಟಿನ ಸಂದಿ, ಕಕ್ಕಸು ಎಲ್ಲಾ ಶುಚಿ ಆಗಬೇಕು. ಅವ್ವ ಒಬ್ಬ ಹೆಣ್ಣುಮಗಳನ್ನ, "ಯಾವೂರವ್ವ?" ಅಂತ ಕೇಳಿದಳು. "ಮಾಗಡಿ ಕಡೆ ಕಣಮ್ಮ, ಕಂಟ್ರ್ಯಾಕ್ಟಿನಲ್ಲಿ ಇವ್ನಿ." ನಮ್ಮ ಹೆಂಗಸರು ಎರಡು ಮಾತಿನಲ್ಲಿ ನೆಂಟಸ್ತನ ಹುಡುಕ್ತಾರೆ. ನಮ್ಮೋರೇ. ಮೆಟ್ಟಿಲು ಇಳೀತಾ ಅವ್ವ ಒಂದೇ ಮಾತು ಅಂದಳು: "ಇಮಾನ ತೊಳೆಯೋಕೆ ನಾವು ಬೇಕು, ಓಡ್ಸೋಕೆ ಬ್ಯಾಡ್ವಾ?"

ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು. ಅವರ ಸಮಾಧಿ ಇರೋದು ಇದೇ ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ. ಹೊರಗೆ ಅವರ 108 ಅಡಿ ಪ್ರತಿಮೆ. ಮಾಗಡಿಯ ಹೆಣ್ಣುಮಗಳಿಗೆ ಅಲ್ಲಿ ಸಿಕ್ಕಿದ್ದು ಕಸದ ಚೀಲ. ವಿಮಾನದ ಸೀಟಿನ ನಕ್ಷೆಯಲ್ಲಿ ಪೈಲಟ್ಟಿಗೆ ಜಾಗ ಐತೆ, ಗಗನಸಖಿಗೂ ಮಡಚೋ ಸೀಟು ಐತೆ. ಇವಳಿಗೆ ಮಾತ್ರ ಆ ನಕ್ಷೆಯಲ್ಲಿ ಜಾಗ ಇಲ್ಲ.

ನಾವು ಕೇಳಬೇಕಾದ ಸೀಟು ಕಿಟಕಿ ಪಕ್ಕದ್ದಲ್ಲ ಬಂಧುಗಳೇ, ಕಾಕ್‌ಪಿಟ್‌ನದು. ಏರ್ ಇಂಡಿಯಾ ಸರ್ಕಾರದ್ದಾಗಿದ್ದಾಗ ನೇಮಕಾತಿಯಲ್ಲಿ ಮೀಸಲಾತಿ ಕೇಳೋ ಹಕ್ಕಾದರೂ ಇತ್ತು. 2022ರ ಜನವರಿ 27ರಂದು ಅದು ಟಾಟಾ ಕೈಗೆ ಹೋಯಿತು. ಆವತ್ತು ವಿಮಾನಗಳ ಜೊತೆ ನಮ್ಮ ಹಕ್ಕಿನ ಸೀಟುಗಳೂ ಹೋದವು. ಟಿವಿಯವರು ಸಾಲದ ಲೆಕ್ಕ ಹೇಳಿದರು, ಈ ಲೆಕ್ಕ ಹೇಳಲಿಲ್ಲ.

ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ 48 ಸೀಟಿನ ಎಟಿಆರ್ ಇಟ್ಕೊಂಡು ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿ ಟಿಕೆಟ್ ಕೂಡ ಮಾರಿದರು. ಬಡವರೂ ಹಾರಬಹುದು ಅನ್ನೋ ಆಸೆ ಹುಟ್ಟಿಸಿದರು, ಅದು ಸಣ್ಣ ಮಾತಲ್ಲ. ಆದರೆ ಟಿಕೆಟ್ ಅಗ್ಗ ಆದಂಗೆ ಪೈಲಟ್ ತರಬೇತಿ ಅಗ್ಗ ಆಗಲಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಅದಕ್ಕೆ ಹತ್ತಾರು ಲಕ್ಷ ಬೇಕು. ಫಿಲೇಚರ್ ಕೂಲಿಯಲ್ಲಿ ಅದು ಆಗೋ ಮಾತಾ?

ಇದನ್ನ ಈಗಲೇ ಯಾಕೆ ಬರೀತಿದೀನಿ ಅಂದ್ರೆ, 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಅಂತ ಮೂರು ಜಾಗ ನೋಡಿಕೊಂಡು ಹೋದರು. ಅದರಲ್ಲಿ ಎರಡು ಕನಕಪುರ ರಸ್ತೆಯವು. ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಅಂತ ಹೆಸರೂ ಬದಲಾಯ್ತು. ಹೆಸರು ಬದಲಾದ ಕಡೆ ನೆಲದ ರೇಟು ಏರ್ತದೆ, ರೇಟು ಏರಿದ ಕಡೆ ಮೊದಲು ಕಣ್ಣು ಬೀಳೋದು ನಮ್ಮ ದರಖಾಸ್ತು ಜಮೀನಿನ ಮೇಲೆ.

ಅದಕ್ಕೇ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಯ ನಮ್ಮ ಹುಡುಗರಿಗೆ ಮೂರು ಮಾತು.

ಒಂದು, ಮಂಜೂರಾದ ಜಮೀನಿನ ಕಾಗದ ಹುಡುಕಿ ಇಟ್ಕೊಳ್ಳಿ. 1978ರ ಪಿಟಿಸಿಎಲ್ ಕಾಯ್ದೆ, ಅದರ 2023ರ ತಿದ್ದುಪಡಿ ಓದಿ. ದಲ್ಲಾಳಿ ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಎರಡು, ಜಕ್ಕೂರಿನಲ್ಲಿ 1948ರಿಂದ ಸರ್ಕಾರಿ ವಿಮಾನ ತರಬೇತಿ ಶಾಲೆ ಐತೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣದಲ್ಲಿ ನಮ್ಮ ಮಕ್ಕಳ ಪೂರ್ತಿ ತರಬೇತಿ ಖರ್ಚು ಕೊಡಿ ಅಂತ ಶಾಸಕರನ್ನ ಹಿಡ್ಕೊಂಡು ಕೇಳಿ. ಪಿಯುಸಿಯಲ್ಲಿ ಫಿಸಿಕ್ಸು, ಮ್ಯಾಥ್ಸು ಬಿಡಬೇಡಿ.

ಮೂರು, ಸರ್ಕಾರದ ನೆಲ, ಸರ್ಕಾರದ ಪರವಾನಗಿ ತಗೊಂಡು ನಡೆಯೋ ಖಾಸಗಿ ಉದ್ಯಮದಲ್ಲಿ ಮೀಸಲಾತಿ ಬೇಕು. ನೆಲ ಕೊಡೋಕೆ ಮುಂಚೆ ಕೇಳೋಣ. ಕೊಟ್ಟಾದ ಮೇಲೆ ಕೇಳಿದರೆ ಗೇಟಿನ ಸೆಕ್ಯುರಿಟಿ ಡ್ರೆಸ್ಸು, ಕಸದ ಚೀಲ ಕೊಡ್ತಾರೆ.

ಅವ್ವ ಈಗಲೂ ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಬಂದು ಕತ್ತೆತ್ತಿ ನೋಡ್ತಾಳೆ. ಮೊಮ್ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. "ಓಡ್ಸೋದು ಕಲೀತೀಯೇನವ್ವ?" ಅಂತ ಅವಳನ್ನ ಕೇಳ್ತಾಳೆ. ಅವಳು ನನ್ನ ಮುಖ ನೋಡ್ತಾಳೆ.

ಜೈ ಭೀಮ್.