ಗೋಡೆಯ ಚಾರ್ಜರ್ ಮತ್ತು ಮನೆಯ ಲೋಡು

ವಿದ್ಯುತ್ ಕಾರಿಗೆ ಮನೆಯಲ್ಲಿ ಚಾರ್ಜರ್ ಅಳವಡಿಸಲು ಬಯಸುವವರು ಮೊದಲು ವಿದ್ಯುತ್ ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡನ್ನು, ಅಂದರೆ ಆ ಸಂಪರ್ಕಕ್ಕೆ ಬೆಸ್ಕಾಂನಂತಹ ಕಂಪನಿ ಒಪ್ಪಿರುವ ಗರಿಷ್ಠ ಬಳಕೆಯ ಮಿತಿಯನ್ನು, ಗಮನಿಸುವುದು ಒಳಿತು. ಅದು 3 ಕಿಲೋವಾಟ್ ಇದ್ದಲ್ಲಿ 7.2 ಕಿಲೋವಾಟಿನ ಚಾರ್ಜರಿಗಾಗಿ ಲೋಡು ಹೆಚ್ಚಿಸಿಕೊಳ್ಳಬೇಕಾಗುತ್ತದೆ, ಅದರೊಡನೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಗೋಡೆಯ ಪೆಟ್ಟಿಗೆಯು ಪರ್ಯಾಯ ವಿದ್ಯುತ್ತನ್ನು ಕಾರಿಗೆ ತಲುಪಿಸುತ್ತದೆಯಷ್ಟೆ. ಅದನ್ನು ಬ್ಯಾಟರಿಗೆ ಬೇಕಾದ ನೇರ ವಿದ್ಯುತ್ತಾಗಿ ಮಾರ್ಪಡಿಸುವುದು ಕಾರಿನೊಳಗಿನ ಪರಿವರ್ತಕವಾದುದರಿಂದ, ವೇಗದ ಮಿತಿಯನ್ನು ಕೊನೆಗೆ ಅದೇ ನಿರ್ಧರಿಸುತ್ತದೆ. ಹೆಚ್ಚು ಬೆಲೆ ತೆತ್ತು ತಂದ 11 ಕಿಲೋವಾಟಿನ ಮೂರು ಫೇಸ್ ಚಾರ್ಜರ್ ಪ್ರತಿ ಫೇಸಿಗೆ 16 ಆಂಪಿಯರ್ ಮಾತ್ರ ನೀಡುವುದರಿಂದ, ಒಂದೇ ಫೇಸಿನಲ್ಲಿ ಚಾರ್ಜ್ ಆಗುವ ಕಾರಿಗೆ ಅದರಿಂದ ದೊರೆಯುವುದು ಸುಮಾರು 3.7 ಕಿಲೋವಾಟ್, ಮಾರಾಟಗಾರರು ಈ ಮಾತನ್ನು ತಾವಾಗಿ ಹೇಳುವುದು ಅಪರೂಪ. ದಿನಕ್ಕೆ 40 ಕಿಲೋಮೀಟರ್ ಓಡುವ ಸಣ್ಣ ಕಾರಿಗೆ ಬೇಕಾಗುವ ಸುಮಾರು 6 ಯೂನಿಟ್ಟನ್ನು 16 ಆಂಪಿಯರಿನ ಸಾಕೆಟ್ಟೇ ಎರಡು ಗಂಟೆಗಳಲ್ಲಿ ತುಂಬಿಕೊಡುತ್ತದೆ. ಆದರೆ ಗೀಸರಿಗೆಂದು ಹಾಕಿದ ಹಳೆಯ ವೈರು ಗಂಟೆಗಟ್ಟಲೆ ಪೂರ್ಣ ಭಾರ ಹೊತ್ತಾಗ ಪ್ಲಗ್ಗಿನ ಪಿನ್ನುಗಳು ಬಿಸಿಯೇರಿ ಸಾಕೆಟ್ಟಿನ ಅಂಚು ಕಂದುಗಟ್ಟುವುದುಂಟು. ಆದಕಾರಣ ಸರಿಯಾದ ಅರ್ಥಿಂಗ್, ಪ್ರತ್ಯೇಕ ಎಂಸಿಬಿ ಹಾಗೂ ಸೋರಿಕೆ ಕಂಡೊಡನೆ ವಿದ್ಯುತ್ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯುಳ್ಳ ಸ್ವತಂತ್ರ ಲೈನನ್ನು ಮೀಟರ್ ಬೋರ್ಡಿನಿಂದಲೇ ಎಳೆಸಬೇಕು.