ಗರ್ಭಸ್ರಾವದ ಬಳಿಕ ಮನಸ್ಸಿನ ಶುಶ್ರೂಷೆ

ಗರ್ಭಸ್ರಾವವಾದ ಹೆಂಗಸಿಗೆ ಆಸ್ಪತ್ರೆಯಲ್ಲಿ ದೊರೆಯುವ ಉಪಚಾರವು ರಕ್ತ ಹೋಗುವುದು ನಿಂತು ಗರ್ಭಕೋಶವು ಶುದ್ಧವಾಯಿತೆಂಬಲ್ಲಿಗೆ ಮುಗಿಯುವುದು. ಆಕೆಯ ಮನಸ್ಸು ಹೇಗಿದೆಯೆಂದು ವಿಚಾರಿಸುವವರು ವಿರಳ. ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಮೊದಲ ತಿಂಗಳುಗಳಲ್ಲಿ ಗರ್ಭವನ್ನು ಕಳೆದುಕೊಂಡವರ ಪೈಕಿ ಶೇಕಡಾ 29 ಮಂದಿಯಲ್ಲಿ ಒಂದು ತಿಂಗಳ ತರುವಾಯವೂ ಮಾನಸಿಕ ಆಘಾತದ ಲಕ್ಷಣಗಳಿದ್ದವು. ಒಂಬತ್ತು ತಿಂಗಳ ಮೇಲೆಯೂ, ಎಂದರೆ ಹೆರಿಗೆಯಾಗಬೇಕಾಗಿದ್ದ ದಿನವು ಕಳೆದುಹೋದ ಮೇಲೆಯೂ, ಶೇಕಡಾ 18 ಮಂದಿಯಲ್ಲಿ ಅವು ಉಳಿದಿದ್ದವು.

ನಮ್ಮ ಕಾನೂನು ಈ ವಿಷಯದಲ್ಲಿ ಪೂರ್ಣ ನಿರ್ದಯಿಯಲ್ಲ. ಗರ್ಭಸ್ರಾವವಾದ ಉದ್ಯೋಗಸ್ಥ ಸ್ತ್ರೀಗೆ 1961ರ ಹೆರಿಗೆ ಸೌಲಭ್ಯ ಕಾಯಿದೆಯು ಆರು ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಿತು; 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಹೊಟೇಲಿನ ಅಡುಗೆಯವನ ಮನೆಯಾಕೆಗೆ ರಜೆ ಕೊಡುವವರಾರು? ಆಕೆಯ ಬಳಿ ಎರಡು ದಿನ ಕುಳಿತಿರಲು ಗಂಡನಿಗೂ ಆ ಕಾಯಿದೆಯಲ್ಲಿ ರಜೆಯಿಲ್ಲ.

ಕೂಕಟ್‌ಪಲ್ಲಿಯಲ್ಲಿ ನೆಲಸಿದ ಕನ್ನಡ ಗೃಹಿಣಿಗೆ ಈ ಕಷ್ಟವು ಇಮ್ಮಡಿಯಾದುದು. ಗಂಡನು ಬೆಳಗಿನ ಜಾವವೇ ಕೆಲಸಕ್ಕೆ ಹೊರಡುವನು, ತವರು ದೂರ. ತರಕಾರಿ ಕೊಳ್ಳುವಷ್ಟು ತೆಲುಗು ಆಕೆಗೆ ಬಂದೀತು, ದುಃಖವನ್ನು ತೋಡಿಕೊಳ್ಳಲು ಅಷ್ಟು ಸಾಲದು. ಭಾರ ಎತ್ತಿದ್ದರಿಂದಲೋ, ಪರಂಗಿಹಣ್ಣು ತಿಂದುದರಿಂದಲೋ, ಬಸ್ಸಿನಲ್ಲಿ ಊರಿಗೆ ಹೋಗಿಬಂದುದರಿಂದಲೋ ಹೀಗಾಯಿತೆಂದು ಆಕೆ ಒಳಗೊಳಗೇ ತನ್ನನ್ನು ಹಳಿದುಕೊಳ್ಳುವಳು. ಬಂಧುಗಳು ಹೇಳುವುದೂ ಹೆಚ್ಚುಕಡಿಮೆ ಅದನ್ನೇ! ಮೊದಲ ತಿಂಗಳುಗಳ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ. ತಾಯಿಯ ನಡೆನುಡಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ತಾಳ್ಮೆಯಿಂದ ತಿಳಿಯಹೇಳುವುದೂ, ಆಕೆಯ ಮಾತನ್ನು ನಡುವೆ ತಡೆಯದೆ ಕೇಳುವುದೂ ಆಪ್ತಸಲಹೆಯ ಮುಖ್ಯ ಕೆಲಸ.

ಅಂತಹ ನೆರವು ಇಲ್ಲವೇ ಇಲ್ಲವೆನ್ನಲಾಗದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವುಂಟು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಬಹುದು. ಎದುರಿಗೇ ಕುಳಿತು ವೈದ್ಯರನ್ನು ಕಾಣಬೇಕೆನ್ನುವವರಿಗೆ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಿದೆ. ಕೂಕಟ್‌ಪಲ್ಲಿಯಿಂದ ಮೆಟ್ರೋ ರೈಲಿನಲ್ಲಿ ನಾಲ್ಕನೆಯ ನಿಲ್ದಾಣ. ಅಲ್ಲಿಗೆ ಹೋದವರೆಲ್ಲ ಹುಚ್ಚರೆಂಬ ಅಪವಾದವೇ ಅನೇಕರನ್ನು ತಡೆಯುತ್ತಿರುವುದು.

ಹೆರಿಗೆ ಆಸ್ಪತ್ರೆಗಳು ಬಿಡುಗಡೆಯ ಚೀಟಿಯಲ್ಲಿ ಔಷಧಗಳ ಕೆಳಗೆ ಈ ಸಂಖ್ಯೆಯನ್ನೂ ಬರೆದುಕೊಡಲು ಖರ್ಚೇನೂ ಬೀಳದು. ಅವು ಬರೆಯುವವರೆಗೆ ಗಂಡಂದಿರಾದರೂ ಅದನ್ನು ಗುರುತು ಹಾಕಿಕೊಂಡಿರಲಿ. ಎರಡು ವಾರ ಕಳೆದರೂ ಆಕೆಗೆ ನಿದ್ರೆ ಬಾರದೆ, ಊಟ ರುಚಿಸದೆ ಇದ್ದರೆ ಕರೆಮಾಡಿಸತಕ್ಕದ್ದು. ಬದುಕಿ ಫಲವೇನೆಂಬ ಮಾತು ಒಮ್ಮೆ ಬಾಯಿಂದ ಬಂದರಂತೂ ಅದೇ ದಿನ.