ಸಹಿ ಮಾಡುವ ಮುನ್ನ ವಕೀಲರನ್ನು ಕಾಣೋಣ

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಎಚ್‌–1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿದಾಗ ದೊಡ್ಡ ಕಂಪನಿಗಳಲ್ಲಿ ಗಡಿಬಿಡಿ ಶುರುವಾಯಿತು. ದೇಶದ ಹೊರಗಿರುವವರು ಗಡುವಿನೊಳಗೆ ಅಮೆರಿಕಕ್ಕೆ ಮರಳಬೇಕು ಎಂಬ ಸಲಹೆ ಕಂಪನಿಗಳಿಂದ, ಅವುಗಳ ವಕೀಲರಿಂದ ಕೆಲವೇ ಗಂಟೆಗಳಲ್ಲಿ ನೌಕರರಿಗೆ ತಲುಪಿತು. ಮರುದಿನ ಶ್ವೇತಭವನವು, ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅನ್ವಯಿಸದು ಎಂದು ಸ್ಪಷ್ಟಪಡಿಸಿತು. ಆತಂಕ ಇತ್ತು, ನಿಜ. ಆದರೆ ಆ ನೌಕರರ ಪರವಾಗಿ ಸರ್ಕಾರದ ಆದೇಶವನ್ನು ಓದಿ ಅರ್ಥ ಹೇಳುವವರೂ ಇದ್ದರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯಿಂದ ಕೆಲಸ ಹುಡುಕಿ ಹೊರಡುವವರಿಗೆ ಹೀಗೆ ಓದಿ ಹೇಳುವವರು ಯಾರಿದ್ದಾರೆ? ಮಗ್ಗದ ಸದ್ದಿನಲ್ಲೇ ಬೆಳೆದ ಬನಹಟ್ಟಿಯ ಹುಡುಗ ಬಿ.ಕಾಂ. ಮುಗಿಸಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾನೆ. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿ ಭಾಗದವರು ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮುಧೋಳ, ಜಮಖಂಡಿಯಲ್ಲಿ ಐಟಿಐ ಮುಗಿಸಿದವರು ಕಾರ್ಖಾನೆಯ ಹಂಗಾಮು ಮುಗಿದ ಮೇಲೆ ಮುಂದೇನು ಎಂದು ಯೋಚಿಸುತ್ತ ಕೊಲ್ಲಿ ದೇಶಗಳ ಕನಸು ಕಾಣುತ್ತಾರೆ. ಇವರೆಲ್ಲರ ಕೈಗೂ ಒಂದು ದಿನ ಒಂದು ಕಾಗದ ಬರುತ್ತದೆ: ಆಫರ್ ಲೆಟರ್, ಬಾಂಡ್, ಇಲ್ಲವೇ ವೀಸಾ. ಓದದೆಯೇ ಸಹಿ ಬೀಳುತ್ತದೆ. ಏಕೆಂದರೆ ನಮ್ಮ ಕಡೆ ವಕೀಲರೆಂದರೆ ಹೊಲದ ಹಿಸ್ಸೆ, ಭೂಸ್ವಾಧೀನದ ಪರಿಹಾರ, ಕೋರ್ಟಿನ ತಾರೀಖು. ಕೆಲಸದ ಕಾಗದ ಹಿಡಿದು ವಕೀಲರ ಬಳಿ ಹೋಗುವ ರೂಢಿಯೇ ಇಲ್ಲ.

ಆ ಸಹಿಯ ಬೆಲೆ ಎಷ್ಟೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಕನಿಷ್ಠ 3 ವರ್ಷ ಕೆಲಸ ಮಾಡಬೇಕು, ಇಲ್ಲವಾದರೆ 2 ಲಕ್ಷ ರೂಪಾಯಿ ಕೊಡಬೇಕು ಎಂಬ ಷರತ್ತಿಗೆ ಒಪ್ಪಿ ಹುದ್ದೆಗೆ ಸೇರಿದ್ದರು. ಅವಧಿಗೆ ಮೊದಲೇ, 2009ರಲ್ಲಿ, ಬೇರೆ ಬ್ಯಾಂಕ್ ಸೇರಲು ರಾಜೀನಾಮೆ ಕೊಟ್ಟರು. ಆಕ್ಷೇಪಣೆ ದಾಖಲಿಸಿಯೇ ಹಣ ಕಟ್ಟಿ, ನಂತರ ಹೈಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ನೀಡಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಷರತ್ತು ಸಿಂಧು ಎಂದಿತು. ಕೆಲಸದಲ್ಲಿರುವ ಅವಧಿಗೆ ಹಾಕಿದ ಇಂಥ ಷರತ್ತು ವೃತ್ತಿಸ್ವಾತಂತ್ರ್ಯಕ್ಕೆ ತಡೆಯಲ್ಲ, ಸಾರ್ವಜನಿಕ ಬ್ಯಾಂಕಿಗೆ ಹೊಸ ನೇಮಕಾತಿ ಖರ್ಚಿನ ಬಾಬತ್ತು ಎಂಬುದು ನ್ಯಾಯಾಲಯದ ವಿವರಣೆ. ರಾಜೀನಾಮೆಯಿಂದ ಅಂತಿಮ ತೀರ್ಪಿನವರೆಗೆ ಸುಮಾರು 16 ವರ್ಷ!

ಹಾಗೆಂದು ಎಲ್ಲ ಬಾಂಡ್‌ಗಳೂ ಸಿಂಧುವೆಂದಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರು ಮುರಿದವರಿಂದ ಸಿಗಬೇಕಾದದ್ದು ನ್ಯಾಯವಾದ ಪರಿಹಾರ ಮಾತ್ರ. ಕಾಗದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಮುಂಗಡ ಪಡೆದವನಿಗೂ ಇಂಥದೇ ಪ್ರಶ್ನೆ ಎದುರಾಗುತ್ತದೆ. ಮುಂಗಡದ ನೆಪದಲ್ಲಿ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನೇ ಕಿತ್ತುಕೊಂಡರೆ ಅದು 1976ರ ಕಾಯ್ದೆಯಡಿ ಜೀತವಾಗುತ್ತದೆ, ಆ ಸಾಲವೇ ರದ್ದಾಗುತ್ತದೆ. ಯಾವ ಬಾಂಡ್ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಬಿಡಿಸಿ ಹೇಳುವುದೇ ಉದ್ಯೋಗ ವಕೀಲರ ಕೆಲಸ.

ಈಗ ಆ ಕೆಲಸದ ಮಹತ್ವ ಇನ್ನೂ ಹೆಚ್ಚಿದೆ. 29 ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಕೆಲಸ ಬಿಟ್ಟ ಅಥವಾ ತೆಗೆದುಹಾಕಿದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕಿದೆ. ಗುತ್ತಿಗೆದಾರನ ಮೂಲಕ ಹೋಗದೆ ತಾನಾಗಿಯೇ ಗೋವಾಕ್ಕೆ ಹೋದ ಬೀಳಗಿಯ ಕಾರ್ಮಿಕನೂ ಈಗ ಅಂತರರಾಜ್ಯ ವಲಸೆ ಕಾರ್ಮಿಕನ ವ್ಯಾಖ್ಯೆಯೊಳಗೆ ಬರುತ್ತಾನೆ. ಇನ್ನೊಂದು ಮಗ್ಗುಲೂ ಇದೆ. ಮೊದಲು 100 ಕಾರ್ಮಿಕರಿರುವ ಕಾರ್ಖಾನೆ ಕೆಲಸದಿಂದ ತೆಗೆಯಲು ಸರ್ಕಾರದ ಅನುಮತಿ ಪಡೆಯಬೇಕಿತ್ತು. ಆ ಮಿತಿ ಈಗ 300ಕ್ಕೆ ಏರಿದೆ. ಅಂದರೆ ಹಕ್ಕುಗಳೂ ಹೆಚ್ಚಿವೆ, ಅಭದ್ರತೆಯೂ ಹೆಚ್ಚಿದೆ. ಎರಡನ್ನೂ ತಿಳಿದವನಷ್ಟೇ ಚೌಕಾಸಿ ಮಾಡಬಲ್ಲ.

ಇನ್ನು ವಿದೇಶದ ಮಾತು. ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಉಕ್ರೇನ್ ಯುದ್ಧದ ಗಡಿಯಲ್ಲಿ ಸಿಕ್ಕಿಬಿದ್ದ ಸುದ್ದಿ 2024ರ ಫೆಬ್ರುವರಿಯಲ್ಲಿ ಬಂತು. ಅವರು ಊರಿಗೆ ಮರಳಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದ ಏಜೆಂಟ್ ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವುದು ಅಪರಾಧ. ನೋಂದಾಯಿತ ಏಜೆಂಟ್ ಕೂಡ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಊರಿನ ಚಹಾದಂಗಡಿಯಲ್ಲಿ ಲಕ್ಷಗಳ ಲೆಕ್ಕ ಹೇಳುವ ಮಧ್ಯವರ್ತಿಗೆ ಈ ಕಾನೂನಿನಲ್ಲಿ ಜಾಗವೇ ಇಲ್ಲ.

ಇಲ್ಲಿ ಓದಿದವರೇ ಎಚ್ಚರ ತಪ್ಪುವ ಒಂದು ಜಾಗವಿದೆ. ಎಸ್ಸೆಸ್ಸೆಲ್ಸಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಆಗ ಅವರ ಕೆಲಸದ ಕರಾರನ್ನು ಒಬ್ಬ ಅಧಿಕಾರಿಯಾದರೂ ನೋಡುತ್ತಾನೆ. ನರ್ಸ್‌ಗಳಂಥವರನ್ನು ಬಿಟ್ಟರೆ, ಹತ್ತನೇ ತರಗತಿ ದಾಟಿದವರಿಗೆ ಈ ಅನುಮತಿ ಬೇಕಿಲ್ಲ. ಪದವೀಧರ ತನ್ನನ್ನು ತಾನೇ ಕಾಯ್ದುಕೊಳ್ಳುತ್ತಾನೆ ಎಂಬುದು ಕಾನೂನಿನ ನಂಬಿಕೆ. ಆದರೆ ಅರೇಬಿಕ್ ಅಥವಾ ರಷ್ಯನ್ ಭಾಷೆಯ ಕರಾರಿನ ಮುಂದೆ ಪದವೀಧರನೂ ಅನಕ್ಷರಸ್ಥನೇ. 1983ರ ಕಾಯ್ದೆಯ ಬದಲು ಹೊಸ ಕಾನೂನು ತರಲು ಕೇಂದ್ರವು 2025ರಲ್ಲಿ ಕರಡು ಮಸೂದೆ ಪ್ರಕಟಿಸಿದೆ. ಓದಿದ ವಲಸಿಗರ ಕರಾರನ್ನೂ ಯಾರಾದರೂ ಪರಿಶೀಲಿಸುವ ವ್ಯವಸ್ಥೆ ಅದರಲ್ಲಿರಬೇಕು ಎಂದು ನಾವು ಕೇಳಬೇಕು.

‘ವಕೀಲರಿಗೆ ಫೀಸು ಎಲ್ಲಿಂದ ತರೋದು?’ ಎಂದು ಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ಸೇವೆಗೆ ಅರ್ಹರು. ಆ ಕಾಯ್ದೆಯ ವ್ಯಾಖ್ಯೆಯಂತೆ ‘ಕಾನೂನು ಸೇವೆ’ ಎಂದರೆ ಮೊಕದ್ದಮೆ ನಡೆಸುವುದಷ್ಟೇ ಆಗಿಲ್ಲ, ಯಾವುದೇ ಕಾನೂನು ವಿಷಯದಲ್ಲಿ ಸಲಹೆ ಕೊಡುವುದೂ ಅದರೊಳಗೆ ಸೇರಿದೆ. ಆಫರ್ ಲೆಟರ್ ಹಿಡಿದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಬಹುದು. ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಏಜೆಂಟನ ನೋಂದಣಿಯನ್ನು ಇ–ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ಆದರೆ ಯುವಕರೇ ಸಮಿತಿಯ ಬಾಗಿಲಿಗೆ ಹೋಗಲಿ ಎಂದು ಕೂತರೆ ಸಾಲದು. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಬಯೋಡೇಟಾ ಬರೆಯುವುದನ್ನು, ಸಂದರ್ಶನ ಎದುರಿಸುವುದನ್ನು ಕಲಿಸುತ್ತವೆ. ಕೆಲಸ ಸಿಕ್ಕ ದಿನ ಕೈಗೆ ಬರುವ ಕಾಗದ ಓದುವುದನ್ನು ಕಲಿಸುವುದಿಲ್ಲ. ತಿಂಗಳಿಗೊಮ್ಮೆ ಸೇವಾ ಸಮಿತಿಯ ವಕೀಲರೊಬ್ಬರು ಕಾಲೇಜಿಗೆ ಬಂದು ಅರ್ಧ ದಿನ ಕುಳಿತರೆ ಎಷ್ಟೋ ಮನೆಗಳ ಸಾಲ ತಪ್ಪುತ್ತದೆ. ಕಾನೂನು ಓದುತ್ತಿರುವ ನಮ್ಮ ಭಾಗದ ಗೆಳೆಯರಿಗೂ ಇದೊಂದು ದಾರಿ. ಉದ್ಯೋಗ ಮತ್ತು ವಲಸೆ ಕಾನೂನು ಬೆಂಗಳೂರಿನ ದೊಡ್ಡ ಕಚೇರಿಗಳಿಗಷ್ಟೇ ಸೇರಿದ್ದಲ್ಲ. ಹೊರಡುವವರು ಇಲ್ಲಿದ್ದಾರೆ, ಅವರ ಕಾಗದ ಓದುವವರೂ ಇಲ್ಲೇ ಇರಬೇಕು.

ಅಲ್ಲಿಯವರೆಗೆ ನಾವೇ ಮಾಡಬಹುದಾದದ್ದು ಇಷ್ಟು: ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಒತ್ತೆ ಇಡಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಮಾಲೀಕನ ಕಪಾಟಿಗೆ ಸೇರಿಸಬೇಡಿ. ಕೊಟ್ಟ ಹಣಕ್ಕೆಲ್ಲ ರಸೀದಿ ಪಡೆಯಿರಿ. ಸಹಿ ಮಾಡುವ ಮೊದಲು ಕಾಗದದ ಒಂದು ಪ್ರತಿ ಕೇಳಿ, ಎರಡು ದಿನ ಸಮಯ ಕೇಳಿ. ಅಷ್ಟನ್ನೂ ಕೊಡಲೊಪ್ಪದ ಮಾಲೀಕ ಅಥವಾ ಏಜೆಂಟನ ಬಗ್ಗೆ ವಕೀಲರು ಹೇಳಬೇಕಾದ್ದು ಹೆಚ್ಚೇನೂ ಉಳಿದಿರುವುದಿಲ್ಲ.